ಬೂಷ್ಟು ತೆಗೆಯಲು ಬಂದ ಕ್ಯಾಮೆರಾ

ಆ ರಷ್ಯನ್ ಕ್ಯಾಮೆರಾವನ್ನು ಮೊದಲು ಕಂಡದ್ದು ಇಸ್ಹಾಕನ ಕಣ್ಣು. ಅದು ಹೋಗಿ ಕೂತದ್ದು ಗೆಳೆಯ ಶಿವಶಂಕರಪ್ಪನವರ ಗಾಜಿನ ಬೀರುವಿನಲ್ಲಿ. ವರ್ಷಗಳು ಕಳೆದರೂ ಈ ಸಂಗತಿ ಇಸ್ಹಾಕನ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡೇ ಇತ್ತು.

ಭದ್ರಾವತಿಯ ಓಲ್ಡ್ ಟೌನಿನ ಗುಜರಿ ಅಂಗಡಿಯಲ್ಲಿ, ತುಕ್ಕು ಹಿಡಿದ ಬೀಗಗಳ ನಡುವೆ ಅದು ಬಿದ್ದಿತ್ತು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಒಮ್ಮೆ ಕೀಲಿ ಕೊಟ್ಟರೆ ಸಾಲಾಗಿ ಚಿತ್ರ ತೆಗೆಯುವಂಥದ್ದು. ಗುಟ್ಟಿನ ಕಾಗದಗಳ ನಕಲು ತೆಗೆಯಲು ಗೂಢಚಾರರು ಕೋಟಿನೊಳಗೆ ಇಟ್ಟುಕೊಳ್ಳುವ ಕ್ಯಾಮೆರಾ ಇದು ಎಂದು, ಪುಸ್ತಕ ತಿರುವಿ, ಅಕ್ಷರ ಹೋಲಿಸಿ ಗುರುತು ಹಚ್ಚಿದವರು ಶಿವಶಂಕರಪ್ಪ. "ಇದು ನಮ್ಮಿಬ್ಬರದೂ ಕಣಯ್ಯ" ಎಂದು ಅವತ್ತು ಬೆನ್ನು ತಟ್ಟಿದ್ದರು. ಆಮೇಲೆ ಮನೆಗೆ ಬಂದವರಿಗೆಲ್ಲ "ನನ್ನ ಕ್ಯಾಮೆರಾ" ಎಂದೇ ತೋರಿಸಿದರು.

ಮಳೆಗಾಲ ಮುಗಿಯುವ ಹೊತ್ತಿಗೆ ಅದರ ಗಾಜಿಗೆ ಬೂಷ್ಟು ಹಿಡಿಯುತ್ತಿತ್ತು. ಅದನ್ನು ತೆಗೆಸಲು ಪ್ರತಿ ವರ್ಷ ಕರವಸ್ತ್ರದಲ್ಲಿ ಸುತ್ತಿ ಶಿವಮೊಗ್ಗಕ್ಕೆ, ಇಸ್ಹಾಕನ ಗಡಿಯಾರ ರಿಪೇರಿ ಅಂಗಡಿಗೆ ತಂದುಕೊಡುತ್ತಿದ್ದರು. ಈ ವರ್ಷ ಬಂದದ್ದು ವಾಪಸು ಹೋಗುವುದಿಲ್ಲ ಎಂದು ಅವನು ತೀರ್ಮಾನಿಸಿದ್ದ. ಮಾರುವುದಕ್ಕಲ್ಲ. ಬಾಗಿಲು ಹಾಕಿಕೊಂಡು ಅಂಗೈಯಲ್ಲಿಟ್ಟು ನೋಡುವುದಕ್ಕೆ, ಅಷ್ಟೇ.

ವಾಪಸು ಕೊಡಲು ಅದರಂಥದೇ ನಕಲಿಯೊಂದಕ್ಕೆ ಹಿತ್ತಾಳೆ ತಗಡು ಕತ್ತರಿಸಿ ಮೈ ಮಾಡಿದ. ಅಲಾರಂ ಗಡಿಯಾರದ ಸ್ಪ್ರಿಂಗು, ಮುರಿದ ದುರ್ಬೀನಿನ ಗಾಜು ಕೂರಿಸಿದ. ಓದಲು ಬಾರದ ರಷ್ಯನ್ ಅಕ್ಷರಗಳನ್ನು ಗೆರೆಗೆ ಗೆರೆ ಹೊಂದಿಸಿ ಕೊರೆದ. ಕರಿಯ ಬಣ್ಣ ಹಚ್ಚಿ, ಅಸಲಿನ ಮೂಲೆಯಲ್ಲಿ ಬಣ್ಣ ಎದ್ದಿದ್ದ ಕಡೆ ಇದರಲ್ಲೂ ಎಬ್ಬಿಸಿದ. ಅದಕ್ಕೆ ಹೊಂದುವ ರೀಲು ಈ ಸೀಮೆಯಲ್ಲೇ ಸಿಗುತ್ತಿರಲಿಲ್ಲ. ಚಿತ್ರ ಬರುತ್ತದೋ ಇಲ್ಲವೋ ಎಂದು ಪರೀಕ್ಷಿಸುವವರು ಯಾರೂ ಇರಲಿಲ್ಲ.

ಮುಚ್ಚಳ ಹಾಕುವಾಗ ಕೈ ತಾನಾಗಿ ಸೂಜಿಯತ್ತ ಹೋಯಿತು. ತನ್ನ ಕೈಗೆ ಹೊಸದಾಗಿ ಬಂದ ಯಾವುದೇ ವಸ್ತುವಿನ ಮುಚ್ಚಳದೊಳಗೆ ಎಳ್ಳಿನಷ್ಟು ಚಂದ್ರನನ್ನು ಗೀರುವುದು ಉಸ್ತಾದರು ಕಲಿಸಿದ ರೂಢಿ. ಊರಿನ ಅರ್ಧ ಗಡಿಯಾರಗಳ ಹೊಟ್ಟೆಯಲ್ಲಿ ಆ ಚಂದ್ರನಿದ್ದ. ಇಸ್ಹಾಕ್ ಬೆಚ್ಚಿಬಿದ್ದು ಸೂಜಿ ಕೆಳಗಿಟ್ಟ. ಕಳ್ಳತನಕ್ಕೆ ತಾನೇ ಸಹಿ ಹಾಕುವುದೇ? ತನ್ನ ಎಚ್ಚರಕ್ಕೆ ತಾನೇ ತಲೆದೂಗಿದ.

ಅಸಲಿ ಕ್ಯಾಮೆರಾ ಅವಲಕ್ಕಿ ಡಬ್ಬಿಯ ತಳ ಸೇರಿತು. ಆದರೆ ಅದನ್ನು ಒಮ್ಮೆಯೂ ಹೊರಗೆ ತೆಗೆಯಲು ಅವನಿಂದಾಗಲಿಲ್ಲ. "ತಟ್ಟೆ ಮುಂದೆ ಕೂತ್ಕೊಂಡು ಗೋಡೆ ನೋಡ್ತೀರಲ್ಲ, ಗೋಡೆಗೇನು ಉಪ್ಪು ಕಮ್ಮಿಯಾಗಿದ್ಯಾ?" ಎಂದು ಹೆಂಡತಿ ಅಖ್ತರ್ ಬೀ ಛೇಡಿಸಿದಳು.

ಭಾನುವಾರ ನಕಲಿಯನ್ನು ಭದ್ರಾವತಿಗೆ, ಶಿವಶಂಕರಪ್ಪನವರ ಮನೆಗೆ ಒಯ್ದ. ಮೈಸೂರಿನಿಂದ ನಾಗಯ್ಯ ಎಂಬ ಕ್ಯಾಮೆರಾ ಸಂಗ್ರಹಕಾರರು ಬಂದಿದ್ದರು. ಶಿವಶಂಕರಪ್ಪನವರ ಹೆಂಡತಿ ಸುಭದ್ರಮ್ಮ ಎಲ್ಲರಿಗಿಂತ ಮೊದಲು ಇಸ್ಹಾಕನಿಗೆ ಬಡಿಸಿದರು. "ಇನ್ನೊಂದು ರೊಟ್ಟಿ ಹಾಕ್ತೀನಿ ಇಸ್ಹಾಕಣ್ಣ. ಮುಖ ಎಷ್ಟು ಬಾಡಿದೆ ನೋಡಿ!" ಇಸ್ಹಾಕ್ ರೊಟ್ಟಿ ಮುರಿದು ಮುರಿದು ತಟ್ಟೆಯ ಅಂಚಿಗೆ ಸರಿಸಿದ.

ನಾಗಯ್ಯ ನಕಲಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಅಕ್ಷರ, ನಂಬರು ಸರಿಯಾಗೇ ಇದೆ. ಆದ್ರೆ ಕೆತ್ತೋರು ಏನು ಬೇಕಾದ್ರೂ ಕೆತ್ತಿಬಿಡ್ತಾರೆ, ಸ್ವಾಮಿ."

ಶಿವಶಂಕರಪ್ಪ ಗಟ್ಟಿಯಾಗಿ ನಕ್ಕರು. "ನಂಬರು ಯಾರಿಗ್ರೀ ಬೇಕು? ಈ ಮಾರಾಯ ಮೊದಲನೇ ದಿನಾನೇ ಖುಷಿಯಲ್ಲಿ ಮುಚ್ಚಳದೊಳಗೆ ಒಂದು ಚಂದ್ರನ್ನ ಗೀರಿದ್ದ. ನಮ್ಮಿಬ್ಬರದು ಅನ್ನೋಕೆ ಅದೇ ಗುರುತು. ನಾನು ಹೋದ್ಮೇಲೆ ಅವನಿಗೇ ಕೊಡು ಅಂತ ಇವಳಿಗೂ ಹೇಳಿಟ್ಟಿದೀನಿ."

ಅವರು ಮುಚ್ಚಳ ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದರು. ಅಸಲಿನ ಒಂದೊಂದು ಗೆರೆಯನ್ನೂ ಕದ್ದು ತಂದಿದ್ದ ಇಸ್ಹಾಕನ ಕಣ್ಣಿಗೆ, ದಿನಾ ಹತ್ತಾರು ಗಡಿಯಾರಗಳಲ್ಲಿ ಕಾಣುವ ತನ್ನದೇ ಚಂದ್ರ ಬಿದ್ದಿರಲೇ ಇಲ್ಲ. ಹಿತ್ತಾಳೆ ನುಣ್ಣಗೆ ಹೊಳೆಯುತ್ತಿತ್ತು. ಶಿವಶಂಕರಪ್ಪ ಅದನ್ನು ಪಂಚೆಯ ಅಂಚಿನಿಂದ ಒರೆಸಿದರು, ಮತ್ತೆ ನೋಡಿದರು, ಇನ್ನೊಮ್ಮೆ ಒರೆಸಿದರು. ನಾಗಯ್ಯ ಜೇಬಿನಿಂದ ಭೂತಗನ್ನಡಿ ತೆಗೆದರು. ಶಿವಶಂಕರಪ್ಪ ಮಾತ್ರ ಮುಚ್ಚಳವನ್ನು ಇಸ್ಹಾಕನ ಅಂಗೈಗೆ ಹಾಕಿ, "ನನ್ನ ಕಣ್ಣು ಮಂಜಾಯ್ತು ಅಂತ ಕಾಣುತ್ತೆ. ನೀನೇ ತೋರ್ಸು ಮಾರಾಯ, ಎಲ್ಲಿದಾನೆ ನಿನ್ನ ಚಂದ್ರ?" ಎಂದರು.