ಅರ್ಧ ಕಪ್ಪು ಹೆಡ್‌ಲೈಟು

"ಸ್ನೇಹಾ, ಆ ಹಲ್ಲುಪುಡಿ ಡಬ್ಬಿ ಕೊಡು."

ಸ್ನೇಹಲತಾ ಕೊಟ್ಟಳು.

"ಇದಲ್ಲ ಮಗಾ, ಇದು ಕಪ್ಪು ಪುಡಿ. ಬಿಳಿಯದ್ದು ಬೇಕು."

ಸ್ನೇಹಲತಾ ಪುನಃ ಒಳಗೆ ಓಡಿದಳು. ಅವಳು ರೇಷ್ಮೆ ಲಂಗ ಉಟ್ಟು, ಜಡೆಗೆ ಮಲ್ಲಿಗೆ ಮುಡಿದು, ಹೊರಡಲು ತಯಾರಾಗಿ ಎಷ್ಟೋ ಹೊತ್ತಾಗಿತ್ತು. ಅಪ್ಪ ಮಾತ್ರ ಬನಿಯನ್, ಲುಂಗಿಯಲ್ಲಿ ಕಾರಿನ ಎದುರು ಚಕ್ಕಳಮಕ್ಕಳ ಹಾಕಿ ಕೂತಿದ್ದರು. ನಿನ್ನೆಯ ಪೇಪರಿನ ಮೇಲೆ ಸ್ಕ್ರೂಗಳು, ರಬ್ಬರಿನ ಬಳೆ, ಎರಡು ದೊಡ್ಡ ಗಾಜು ಹರಡಿಕೊಂಡಿದ್ದವು. ಹೆಡ್‌ಲೈಟು ಬಿಚ್ಚಿದ ಅಂಬಾಸಿಡರ್ ಬಾಯಿ ಬಿಟ್ಟುಕೊಂಡು ನಿಂತಿತ್ತು.

"ಅಪ್ಪ, ಗಂಟೆ ಎಷ್ಟಾಯ್ತು ಗೊತ್ತುಂಟಾ?"

"ಆಯ್ತು, ಆಯ್ತು. ಈಗ ಹೊರಡುವುದೇ."

ಅಪ್ಪನ 'ಆಯ್ತು' ಎಂಬ ಮಾತನ್ನು ನಂಬುವುದನ್ನು ಸ್ನೇಹಲತಾ ಬಿಟ್ಟು ತುಂಬಾ ಸಮಯವಾಗಿತ್ತು.

ಆ ಸಂಜೆ ಸುರತ್ಕಲ್‌ನಲ್ಲಿ ದೊಡ್ಡಪ್ಪನ ಯುವಕ ಮಂಡಲದ ವಾರ್ಷಿಕೋತ್ಸವ. ಪ್ರಾರ್ಥನೆ ಹಾಡುವವಳು ಸ್ನೇಹಲತಾ. ಬಚ್ಚಲಲ್ಲಿ, ಬಾವಿಕಟ್ಟೆಯಲ್ಲಿ, ಶಾಲೆಯ ದಾರಿಯಲ್ಲಿ ಹಾಡಿ ಹಾಡಿ ಅವಳಿಗೆ ಹಾಡು ಬಾಯಿಪಾಠವಾಗಿತ್ತು. ಆದರೆ ಪ್ರಾರ್ಥನೆಗೆ ಒಂದು ತೊಂದರೆ ಇದೆ. ಅದು ಎಲ್ಲಕ್ಕಿಂತ ಮೊದಲು ಬರುತ್ತದೆ. ನಾಟಕದವರು ತಡಮಾಡಿದರೆ ಜನ ಕಾಯುತ್ತಾರೆ. ಭಾಷಣದವರು ತಡಮಾಡಿದರೆ ಜನಕ್ಕೆ ಖುಷಿಯೇ. ಪ್ರಾರ್ಥನೆಯವಳು ತಡಮಾಡಿದರೆ ಬೇರೆ ಯಾರನ್ನಾದರೂ ಮೈಕಿನ ಎದುರು ನಿಲ್ಲಿಸಿ ಹಾಡಿಸಿಬಿಡುತ್ತಾರೆ.

"ನನ್ನ ಹುಣಸೆಹುಳಿ ಎಲ್ಲಿ?" ಎಂದು ಅಡುಗೆಮನೆಯಿಂದ ಅಮ್ಮ ಶಶಿಪ್ರಭಾ ಕೇಳಿದಳು.

ಹುಣಸೆಹುಳಿ ಹೆಡ್‌ಲೈಟಿನ ಸ್ಟೀಲು ಬಳೆಯ ಮೇಲಿತ್ತು.

"ನಿನ್ನೆ ಬೂದಿ. ಇವತ್ತು ಹುಳಿ. ನಾಳೆ ಎಂತ, ಮೀನಿನ ಮಸಾಲೆ ಹಾಕಿ ಉಜ್ಜುತ್ತೀರಾ?" ಅಮ್ಮ ಬಾಗಿಲಿಗೆ ಬಂದು ಸೊಂಟಕ್ಕೆ ಕೈ ಕೊಟ್ಟು ನಿಂತಳು. "ಗ್ಯಾರೇಜಿಗೆ ಕೊಡಿ ಅಂತ ಎಷ್ಟು ಸಲ ಹೇಳುವುದು?"

"ಕೊಟ್ಟಾಯ್ತಲ್ಲ. ಲೈಟಿಗೆ ಎಂತದೂ ಆಗಲಿಲ್ಲ ಅಂತ ಹೇಳಿ ಕಳಿಸಿದರು. ಅವರಿಗೆ ಎಂತ ಗೊತ್ತುಂಟು? ಕಡಲಿನ ಉಪ್ಪು ಗಾಳಿ ಇದು. ಗಾಜಿಗೆ ಮಂಜು ಹಿಡಿದ ಹಾಗೆ ಹಿಡಿದಿದೆ. ಕತ್ತಲಾದರೆ ಮಾರ್ಗವೇ ಕಾಣುವುದಿಲ್ಲ."

ಮಳೆಗಾಲ ಮುಗಿದಂದಿನಿಂದ ಈ ಮನೆಯಲ್ಲಿ ಇದೇ ಪುರಾಣ. ಅಪ್ಪ ಹೊಸ ಬಲ್ಬು ಹಾಕಿಸಿದರು. ಬ್ಯಾಟರಿ ಬದಲಿಸಿದರು. ಆದರೂ ಲೈಟು ಮಬ್ಬು. ಹೋದ ತಿಂಗಳು ವಾಮಂಜೂರಿನ ಮದುವೆಯಲ್ಲಿ, ಕತ್ತಲಾಗುತ್ತದೆ ಎಂದು, ಐಸ್‌ಕ್ರೀಮ್ ಬರುವ ಮೊದಲೇ ಎಲ್ಲರನ್ನೂ ಎಬ್ಬಿಸಿಕೊಂಡು ಬಂದಿದ್ದರು. ಆ ಐಸ್‌ಕ್ರೀಮನ್ನು ಸ್ನೇಹಲತಾ ಇನ್ನೂ ಮರೆತಿರಲಿಲ್ಲ.

ಅಪ್ಪ ಒದ್ದೆ ಬಟ್ಟೆಗೆ ಹಲ್ಲುಪುಡಿ ಹಚ್ಚಿ ಗಾಜಿನ ಒಳಗೂ ಹೊರಗೂ ಉರುಟಾಗಿ ತಿಕ್ಕಿದರು. ತೊಳೆದು, ಹಳೆಯ ಧೋತರದ ತುಂಡಿನಿಂದ ಒರೆಸಿದರು. ಲೈಟಿನ ಗೂಡಿನೊಳಗಿನ ಬೆಳ್ಳಿ ಬಣ್ಣದ ತಟ್ಟೆಯನ್ನು ಹತ್ತಿಯಿಂದ ಮಗುವಿನ ಕೆನ್ನೆ ಒರೆಸಿದಷ್ಟೇ ಮೆಲ್ಲಗೆ ಒರೆಸಿದರು. ಬಳಿಕ ಗಾಜನ್ನು ಆಕಾಶಕ್ಕೆ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿದರು.

"ಇನ್ನೂ ಮಬ್ಬು," ಎಂದರು.

ಸ್ನೇಹಲತಾಗೆ ಅಳು ಬಂತು. ಗಾಜು ಪಳಪಳ ಹೊಳೆಯುತ್ತಿತ್ತು. ಅದರಾಚೆ ತೆಂಗಿನ ಮರದ ಗರಿ ಗರಿಯೂ ಕಾಣುತ್ತಿತ್ತು.

ಅಪ್ಪ ಕೈ ತೊಳೆಯಲು ಬಾವಿಕಟ್ಟೆಗೆ ಹೋದರು. ಸ್ನೇಹಲತಾ ಗಾಜುಗಳನ್ನು ದಿಟ್ಟಿಸಿದಳು. ಎರಡೂ ಗಾಜಿನ ಮೇಲಿನ ಅರ್ಧಕ್ಕೆ ಕಪ್ಪು ಬಣ್ಣ ಬಳಿದಿತ್ತು. ಆಗೆಲ್ಲ ಕಾರು, ಲಾರಿ, ಬಸ್ಸಿನ ಹೆಡ್‌ಲೈಟುಗಳಿಗೆ ಹೀಗೆ ಕಪ್ಪು ಬಳಿಯುವ ಪದ್ಧತಿ ಇತ್ತು. ಸ್ನೇಹಲತಾಗೆ ಮೈಯೆಲ್ಲ ಉರಿಯಿತು. ಅರ್ಧ ಲೈಟಿಗೆ ಕಪ್ಪು ಬಳಿದು, ಆಮೇಲೆ ಬೆಳಕು ಸಾಲದು ಎಂದರೆ ಯಾರ ತಪ್ಪು? ಇಷ್ಟು ಸಣ್ಣ ವಿಷಯ ಅಪ್ಪನಿಗೆ ಹೊಳೆಯಲಿಲ್ಲವೇ?

ಅವಳು ಲಂಗ ಎತ್ತಿ ಕಟ್ಟಿದಳು. ಬಟ್ಟೆಯನ್ನು ಸೀಮೆಎಣ್ಣೆಯಲ್ಲಿ ಅದ್ದಿದಳು. ತೆಂಗಿನ ನಾರು ತಂದು ಹಲ್ಲು ಕಚ್ಚಿ ಉಜ್ಜಿದಳು. ಕಪ್ಪು ಬಣ್ಣ ಸಿಪ್ಪೆ ಸಿಪ್ಪೆಯಾಗಿ ಎದ್ದು ಬಂತು.

ಅಪ್ಪ ಅಂಗಿ, ಪ್ಯಾಂಟು ಹಾಕಿ ಬರುವಾಗ ಎರಡು ಗಾಜೂ ಪೂರ್ತಿ ಬೆಳ್ಳಗಾಗಿದ್ದವು.

"ಎಂತ ಮಾಡಿದೆ ಮಾರಾಯ್ತಿ?" ಅಪ್ಪ ತಲೆ ಮೇಲೆ ಕೈ ಹೊತ್ತುಕೊಂಡರು. "ಎದುರಿನವರ ಕಣ್ಣಿಗೆ ಹೊಡೆಯಬಾರದು ಅಂತ ಬಳಿಯುವುದು ಅದು. ಪೊಲೀಸರು ಹಿಡಿದರೆ ನೀನು ಉತ್ತರ ಕೊಡ್ತೀಯಾ?"

"ನಿಮಗೆ ಬೆಳಕು ಬೇಕಲ್ಲ ಅಪ್ಪ? ಈಗ ಪೂರಾ ಬೆಳಕು ಉಂಟು. ಹೋಗುವ."

"ಪೇಂಟು ಬಳಿದು ಒಣಗಬೇಕಾದರೆ..."

"ನಾಳೆ ಬಳಿಯಿರಿ," ಎಂದು ಅಮ್ಮ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಬಾಗಿಲು ಎಳೆದುಕೊಂಡಳು. "ಇವತ್ತು ಹೊರಡುವುದಾದರೆ ಹೊರಡಿ. ಇಲ್ಲದಿದ್ದರೆ ನಾನು ಈ ಸೀರೆ ಬಿಚ್ಚಿ ಇಡ್ತೇನೆ."

ಅಪ್ಪ ಗೊಣಗುತ್ತಾ ಗಾಜು ಕೂರಿಸಿ ಸ್ಕ್ರೂ ಬಿಗಿದು ಲೈಟು ಹಾಕಿದರು. ಪಕ್ಕದ ಮನೆಯ ಇಸಿದೋರ್ ಅಂಕಲ್ ಕಂಪೌಂಡಿನ ಆಚೆ ಕ್ರೋಟನ್ ಗಿಡಗಳಿಗೆ ನೀರು ಹಾಕುತ್ತಿದ್ದರು. ಅವರು ಮುಖಕ್ಕೆ ಕೈ ಅಡ್ಡ ಹಿಡಿದರು.

"ತಾರಾನಾಥಣ್ಣ, ಆಫ್ ಮಾಡಿ ಮಾರಾಯ್ರೆ. ಕಣ್ಣು ಕುಕ್ಕುತ್ತದೆ."

"ಬೆಳಕು ಸಾಕಾ ಇಸಿದೋರ್?" ಎಂದು ಅಪ್ಪ ಕೇಳಿದರು.

"ಸಾಕಾ ಅಂತ ಕೇಳ್ತೀರಲ್ಲ. ಇದರಲ್ಲಿ ನಾನು ಇಲ್ಲಿಂದಲೇ ಪೇಪರ್ ಓದಬಹುದು."

ಕೊಟ್ಟಾರ ದಾಟುವಾಗ ಬೆಳಕಿತ್ತು. ಕೂಳೂರು ಸೇತುವೆಗೆ ಬರುವಾಗ ಕತ್ತಲಾಯಿತು. ಅಪ್ಪನಿಗೆ ಬೇಗ ಬೇಗ ಎನ್ನಬೇಕೆಂದೇ ಸ್ನೇಹಲತಾ ಎದುರಿನ ಸೀಟಿನಲ್ಲಿ ಕೂತಿದ್ದಳು. ಆದರೆ ಕತ್ತಲಾಗುತ್ತಿದ್ದಂತೆ ಕಾರು ಇನ್ನಷ್ಟು ಮೆಲ್ಲಗಾಯಿತು. ಬಸ್ಸು ಮುಂದೆ ಹೋಯಿತು. ಇನ್ನೊಂದು ಬಸ್ಸು ಹೋಯಿತು. ಕೊನೆಗೆ ತರಕಾರಿ ತುಂಬಿದ ಟೆಂಪೊ ಕೂಡ ಹಾರ್ನ್ ಹಾಕಿ ಮುಂದೆ ಹೋಯಿತು.

"ಅಪ್ಪ, ಸ್ವಲ್ಪ ಸ್ಪೀಡ್ ಹೋಗಿ. ಟೆಂಪೊ ಓವರ್‌ಟೇಕ್ ಮಾಡಿತು."

"ಹೋಗ್ತಾ ಇದ್ದೇನಲ್ಲ."

"ಇದಕ್ಕೆ ಹೋಗುವುದು ಅಂತ ಹೇಳುವುದಾ?" ಎಂದಳು ಹಿಂದಿನಿಂದ ಅಮ್ಮ.

ಎದುರಿನಿಂದ ಬಂದ ಲಾರಿಯವನು ಲೈಟು ಮಿಣುಕಿಸಿ, ತಲೆ ಹೊರಗೆ ಹಾಕಿ ಏನೋ ಬೈದು ಹೋದ. ಕಪ್ಪಿಲ್ಲದ ಹೆಡ್‌ಲೈಟು ಅವನ ಕಣ್ಣಿಗೆ ಹೊಡೆದಿರಬೇಕು. ಸ್ನೇಹಲತಾಗೆ ಒಳಗೊಳಗೇ ಹೆಮ್ಮೆಯಾಯಿತು. ಮಾರ್ಗ ಎಷ್ಟು ಚೆನ್ನಾಗಿ ಕಾಣುತ್ತಿತ್ತು! ಮಾರ್ಗದ ಬದಿಯ ಕಲ್ಲಿನ ಮೇಲೆ ಬರೆದ ಊರಿನ ಹೆಸರನ್ನು ಅವಳು ದೂರದಿಂದಲೇ ಓದಿದಳು.

ಪಣಂಬೂರು ದಾಟಿದ ಮೇಲೆ ಮಾರ್ಗದ ನಡುವೆ ಒಂದು ಎಮ್ಮೆ ನಿಂತಿತ್ತು. ಅದರ ಬಾಗಿದ ಕೊಂಬು, ಕೊರಳಿನಲ್ಲಿ ತುಂಡಾದ ಹಗ್ಗ, ಹೊಳೆಯುವ ಕಣ್ಣು ಎಲ್ಲ ಸ್ನೇಹಲತಾಗೆ ಕಂಡಿತು. ಇನ್ನೇನು ಅಪ್ಪ ಬ್ರೇಕ್ ಹಾಕುತ್ತಾರೆ ಎಂದುಕೊಂಡಳು. ಅಪ್ಪ ಹಾಕಲಿಲ್ಲ.

"ಅಪ್ಪ, ಎಮ್ಮೆ."

"ಎಲ್ಲಿ?"

ಅವಳು ತಿರುಗಿ ನೋಡಿದಳು. ಅಪ್ಪನ ಎದೆ ಸ್ಟೇರಿಂಗಿಗೆ ತಾಗುತ್ತಿತ್ತು. ಕಣ್ಣು ಪೂರಾ ತೆರೆದು ನೆಟ್ಟಗೆ ಎಮ್ಮೆಯ ಕಡೆಗೇ ನೋಡುತ್ತಿದ್ದರು.

"ಎದುರಲ್ಲಿ ಅಪ್ಪ. ಎದುರಲ್ಲೇ. ನಿಲ್ಲಿಸಿ."

ಕಾರು ಕಿರುಚಿ ನಿಂತಿತು. ಅಮ್ಮನ ಹಣೆ ಮುಂದಿನ ಸೀಟಿಗೆ ಬಡಿಯಿತು. ಎಮ್ಮೆ ಬಾಲ ಬೀಸಿ, ಇವರಿಗೂ ತನಗೂ ಸಂಬಂಧವೇ ಇಲ್ಲ ಎಂಬಂತೆ ಪಕ್ಕಕ್ಕೆ ಹೋಯಿತು.

"ಹಾಳು ಲೈಟು," ಎಂದರು ಅಪ್ಪ. "ಇಷ್ಟು ಉಜ್ಜಿದರೂ ಮಂಜು ಹೋಗಲಿಲ್ಲ." ಅವರು ಅಂಗಿಯ ತೋಳಿನಿಂದ ಕಣ್ಣು ಒರೆಸಿ, ಪುನಃ ಮಾರ್ಗ ನೋಡಿ, ಪುನಃ ಒರೆಸಿದರು.

ಸ್ನೇಹಲತಾ ಮಾರ್ಗವನ್ನು ನೋಡಿದಳು. ಅಲ್ಲಿ ಮಂಜು ಇರಲಿಲ್ಲ.

ಅಪ್ಪ ಒರೆಸುತ್ತಿದ್ದ ಕಣ್ಣುಗಳನ್ನು ನೋಡಿದಳು. ರಾತ್ರಿ ಕರೆಂಟು ಹೋದರೆ ಅಪ್ಪ ಕೂತಲ್ಲಿಂದ ಏಳದೆ, "ಸ್ನೇಹಾ, ಟಾರ್ಚ್ ತಾ" ಎನ್ನುತ್ತಿದ್ದರು. ಎಂಥ ಸೋಮಾರಿ ಅಪ್ಪ ಎಂದು ಅವಳು ಮುಖ ಊದಿಸುತ್ತಿದ್ದಳು. ವಾಮಂಜೂರಿನ ಐಸ್‌ಕ್ರೀಮ್ ನೆನಪಾಯಿತು. ಆ ದಿನ ಮನೆಗೆ ತಲುಪುವವರೆಗೆ ಅವಳು ಅಪ್ಪನೊಡನೆ ಮಾತು ಬಿಟ್ಟಿದ್ದಳು. ಈಗ ನಾಚಿಕೆಯಾಯಿತು.

ಅಪ್ಪ ಗೇರ್ ಹಾಕಿದರು. "ಗಟ್ಟಿ ಕೂತುಕೊಳ್ಳಿ. ಸ್ಪೀಡ್ ಹೋಗ್ತೇನೆ. ಇಲ್ಲದಿದ್ದರೆ ಪ್ರಾರ್ಥನೆ ಸಿಕ್ಕುವುದಿಲ್ಲ."

"ಬೇಡ ಅಪ್ಪ," ಎಂದಳು ಸ್ನೇಹಲತಾ. "ಮೆಲ್ಲ ಹೋಗುವ."

"ಇಷ್ಟು ಹೊತ್ತು ಬೇಗ ಬೇಗ ಅಂತ ಜೀವ ತಿಂದವಳಿಗೆ ಈಗ ಎಂತಾಯ್ತು?" ಅಮ್ಮ ಹಣೆ ಉಜ್ಜಿಕೊಂಡು ಕೇಳಿದಳು.

"ನಾನು ಕಂಡಕ್ಟರ್," ಎಂದಳು ಸ್ನೇಹಲತಾ. "ಅಪ್ಪ ಡ್ರೈವರ್. ಎಡಕ್ಕೆ ಸೈಕಲ್ ಉಂಟು, ಹೋಲ್ಡನ್... ರೈಟ್. ಎದುರಿಗೆ ಹೊಂಡ. ಬಸ್‌ಸ್ಟಾಪಿನಲ್ಲಿ ಜನ ಉಂಟು, ಒಂದು ಅಜ್ಜಿ ಮಾರ್ಗಕ್ಕೆ ಇಳಿದಿದ್ದಾರೆ, ಹೋಲ್ಡನ್... ರೈಟ್, ರೈಟ್."

ಅಮ್ಮನಿಗೆ ನಗು ಬಂತು. ಅಪ್ಪ ನಗಲಿಲ್ಲ. ಆದರೆ ಅವಳು ಹೋಲ್ಡನ್ ಎಂದಾಗಲೆಲ್ಲ ಅವರ ಕಾಲು ಬ್ರೇಕಿನ ಮೇಲೆ ಹೋಗುತ್ತಿತ್ತು. ಅವಳು ರೈಟ್ ಎಂದ ಮೇಲೆಯೇ ಕಾರು ಹೊರಡುತ್ತಿತ್ತು.

ಸುರತ್ಕಲ್‌ನಲ್ಲಿ ಕಾರು ನಿಲ್ಲಿಸುವಾಗಲೇ ಮೈಕಿನ ಸ್ವರ ಕೇಳಿಸಿತು. ಯಾವಳೋ ಒಬ್ಬಳು ಪ್ರಾರ್ಥನೆ ಹಾಡುತ್ತಿದ್ದಳು. ಎರಡನೇ ಚರಣ. ಮೇಲಿನ ಸ್ವರದಲ್ಲಿ ಅವಳು ಎಳೆದದ್ದು ಸರಿಯಾಗಲಿಲ್ಲ. ಸ್ನೇಹಲತಾ ಅದನ್ನು ಎಷ್ಟು ಚೆನ್ನಾಗಿ ಎಳೆಯುತ್ತಿದ್ದಳು.

"ನೋಡಿ, ನಿಮ್ಮ ಲೈಟಿನಿಂದಾಗಿ ಮಗುವಿನ ಹಾಡು ಹೋಯ್ತು," ಎಂದು ಅಮ್ಮ ಸೀರೆ ಸರಿಮಾಡಿಕೊಂಡು ಇಳಿದಳು. "ನಾನು ಅಕ್ಕನಿಗೆ ಮುಖ ತೋರಿಸುತ್ತೇನೆ. ನೀವು ಬನ್ನಿ."

ಕಾರಿನಲ್ಲಿ ಇಬ್ಬರೇ ಉಳಿದರು. ಅಪ್ಪ ಲೈಟು ಆಫ್ ಮಾಡಲಿಲ್ಲ.

"ತಪ್ಪಾಯ್ತು ಮಗಾ. ನಾಳೆ ಪುನಃ ಬಿಚ್ಚಿ ನೋಡ್ತೇನೆ."

"ಲೈಟು ಸರಿ ಉಂಟು ಅಪ್ಪ."

ಅಪ್ಪ ಎದುರಿನ ಗೋಡೆಯನ್ನು ತುಂಬಾ ಹೊತ್ತು ನೋಡಿದರು. ಗೋಡೆಯ ಮೇಲೆ ಬೆಳಕು ಹಾಲು ಚೆಲ್ಲಿದ ಹಾಗಿತ್ತು.

"ಸರಿ ಉಂಟಾ?"

"ಉಂಟು."

"ಅಮ್ಮನಿಗೆ ಹೇಳ್ಬೇಡ."

"ಇವತ್ತು ಹೇಳುವುದಿಲ್ಲ," ಎಂದಳು ಸ್ನೇಹಲತಾ. ಸ್ವಲ್ಪ ಯೋಚಿಸಿ, "ಇವತ್ತು ದೊಡ್ಡಮ್ಮನ ಮನೆಯಲ್ಲೇ ಉಳಿಯುವ ಅಪ್ಪ. ಬೆಳಿಗ್ಗೆ ಹೋಗುವ," ಎಂದಳು.

"ನಿನಗೆ ಇಲ್ಲಿಯ ಸೊಳ್ಳೆ ಆಗುವುದಿಲ್ಲವಲ್ಲ?"

"ಆಗ್ತದೆ."

ಅಪ್ಪ ಲೈಟು ಆರಿಸಿದರು. ಸಭಾಭವನದ ಪಕ್ಕದ ದಾರಿ ಕತ್ತಲಾಗಿತ್ತು. ಒಳಗೆ ಚಪ್ಪಾಳೆ ಬಿತ್ತು. ಪ್ರಾರ್ಥನೆ ಮುಗಿದಿತ್ತು. ಸ್ನೇಹಲತಾ ಅಪ್ಪನ ಕೈ ಹಿಡಿದುಕೊಂಡಳು.

"ಇಲ್ಲಿ ಮೆಟ್ಟಿಲು ಉಂಟು ಅಪ್ಪ."

"ಗೊತ್ತುಂಟು," ಎಂದರು ಅಪ್ಪ. ಅವರ ಚಪ್ಪಲಿ ನೆಲದಲ್ಲಿ ಮೆಟ್ಟಿಲನ್ನು ಹುಡುಕುತ್ತಿತ್ತು.

ಬಾಗಿಲಿನಲ್ಲಿ ನಿಂತಿದ್ದ ದೊಡ್ಡಪ್ಪ ಅವರನ್ನು ನೋಡಿ ನಕ್ಕರು. "ಇಷ್ಟು ದೊಡ್ಡವಳಾದರೂ ಅಪ್ಪನ ಕೈ ಬಿಡುವುದಿಲ್ಲವಾ? ಕತ್ತಲೆ ಅಂದರೆ ಹೆದರಿಕೆಯಾ ಸ್ನೇಹಾ?"

ಅಪ್ಪ ಏನೋ ಹೇಳಲು ಬಾಯಿ ತೆರೆದರು.

"ಹೌದು ದೊಡ್ಡಪ್ಪ," ಎಂದಳು ಸ್ನೇಹಲತಾ. ಕೊನೆಯ ಮೆಟ್ಟಿಲು ಹತ್ತುವವರೆಗೂ ಅವಳು ಆ ಕೈಯನ್ನು ಬಿಡಲಿಲ್ಲ.