ಜೇಬಿನಲ್ಲಿ ಮೂರು ಪೊಟ್ಟಣ

"ಜೇಬಲ್ಲಿ ಏನದು?"

ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಒರಗಿದ್ದ ಬಸ್ ಡ್ರೈವರ್ ಬೆಚ್ಚಿಬಿದ್ದು ಅಂಗಿಯ ಜೇಬು ಮುಚ್ಚಿಕೊಂಡ. ಆದರೆ ತಂಬಾಕಿನ ವಾಸನೆ ಆಗಲೇ ಮಾಸ್ಕ್ ದಾಟಿ ಡಾಕ್ಟರಮ್ಮನ ಮೂಗಿಗೆ ಬಡಿದಿತ್ತು.

ಅವನ ಕೈ ಸರಿಸಿ ನೋಡಿದರೆ ಒಂದಲ್ಲ, ಮೂರು ಪೊಟ್ಟಣ!

"ಇದು ನಂದಲ್ಲ ಡಾಕ್ಟ್ರೇ..."

"ಸಿಕ್ಕಿಬಿದ್ದೋರೆಲ್ಲ ಇದನ್ನೇ ಹೇಳೋದು."

ಎಷ್ಟೋ ತಿಂಗಳ ಹಿಂದೆ ಹಲ್ಲುನೋವೆಂದು ಬಂದವನಿಗೆ ತಂಬಾಕಿನಿಂದ ಎಡಗೆನ್ನೆಯೊಳಗೆ ಎದ್ದಿದ್ದ ಬಿಳಿ ಮಚ್ಚೆಯನ್ನು ಕನ್ನಡಿಯಲ್ಲಿ ತೋರಿಸಿದವಳು ಅವಳೇ. ತಂಬಾಕು ಬೇಕೆನಿಸಿದಾಗಲೆಲ್ಲ ಫೋನ್ ಮಾಡಿ ಎಂದವಳೂ ಅವಳೇ. ಆ ಫೋನುಗಳು ತಂಬಾಕಿನಿಂದ ಶುರುವಾಗಿ ಎಲ್ಲೆಲ್ಲಿಗೋ ಹೋದವು. ಹೋದ ವಾರ ಅವನು ಮದುವೆಯ ಮಾತೆತ್ತಿದ್ದ. ಇವತ್ತು 'ಹೂಂ' ಅನ್ನಬೇಕೆಂದೇ ಬೆಳಿಗ್ಗೆ ಕನ್ನಡಿ ಮುಂದೆ ಅಷ್ಟು ಹೊತ್ತು ನಿಂತಿದ್ದಳು, ಪಾಪ!

"ಹಾಗಾದ್ರೆ ಯಾರದ್ದು?"

"ಡಿಪೋದವರದ್ದು. ನಾನು ಬಿಟ್ಟಿದ್ದು ನೋಡಿ ಅವರಿಗೂ ಬಿಡೋ ಆಸೆ. ಡ್ಯೂಟಿಗೆ ಹೋಗೋ ಮುಂಚೆ ನನ್ನ ಕೈಗೆ ಕೊಟ್ಟು, ಕಾಲು ಹಿಡಿದ್ರೂ ವಾಪಸ್ ಕೊಡ್ಬೇಡ ಅಂತಾರೆ."

ಕಥೆ ಚೆನ್ನಾಗಿದೆ... ಅವಳ ಅಪ್ಪನೂ ಹೀಗೇ ಚೆನ್ನಾಗಿ ಕಥೆ ಕಟ್ಟುತ್ತಿದ್ದರು!

"ಬಾಯಿ ತೆಗೀರಿ."

ಎಡಗೆನ್ನೆ ನೋಡಿದಳು. ಮಚ್ಚೆ ಮಾಯವಾಗಿತ್ತು. ಆದರೂ ಅನುಮಾನ ಹೋಗಲೊಲ್ಲದು. ಸಿಕ್ಕಿಬೀಳಬಾರದೆಂದು ಜಾಗ ಬದಲಿಸಿ ತಂಬಾಕು ಇಟ್ಟುಕೊಳ್ಳುವ ಕಳ್ಳರನ್ನು ಅವಳು ಬೇಕಾದಷ್ಟು ನೋಡಿದ್ದಳು. ತುಟಿ ಮಗುಚಿದಳು. ನಾಲಿಗೆ ಎತ್ತಿಸಿದಳು. ಬಲಗೆನ್ನೆ ಎಳೆದು ಮೂಲೆ ಮೂಲೆ ಜಾಲಾಡಿದಳು.

ಎಲ್ಲೂ ಏನೂ ಇಲ್ಲ!

ಕೈಗವಸು ಕಳಚುವಷ್ಟರಲ್ಲಿ ಅಳು ಒತ್ತರಿಸಿ ಬಂತು.

"ಅಪ್ಪ ತಂಬಾಕು ಬಿಟ್ಟೆ ಅಂದ್ರು, ನಂಬಿಬಿಟ್ಟೆ. ಊರವರ ಬಾಯೆಲ್ಲ ನೋಡಿದೆ, ಅವರ ಬಾಯಿ ಮಾತ್ರ ನೋಡ್ಲಿಲ್ಲ. ನೋಡೋ ಹೊತ್ತಿಗೆ ಕ್ಯಾನ್ಸರ್ ಕೈ ಮೀರಿತ್ತು... ಉಳಿಸಿಕೊಳ್ಳೋಕೆ ಆಗ್ಲಿಲ್ಲ. ನಾನು ಜೀವಮಾನವೆಲ್ಲ ನಿಮ್ಮ ಮೇಲೆ ಅನುಮಾನ ಪಡ್ತೀನಿ. ಇಂಥವಳು ಬೇಕಾ ನಿಮಗೆ?"

ಅವನು ಕುರ್ಚಿಯಿಂದ ಎದ್ದು ಕೂತ.

"ಇಂಥವಳೇ ಬೇಕು. ಮೊದಮೊದಲು ನೀವು ನೋಡ್ತೀರಲ್ಲ ಅನ್ನೋ ಭಯಕ್ಕೆ ಬಿಟ್ಟೆ. ಆಮೇಲೆ... ನೀವು ನೋಡ್ಲಿ ಅನ್ನೋ ಆಸೆಗೆ."

ಅವಳ ಎದೆ ಹಗುರಾಯಿತು. ಕಣ್ಣೊರೆಸಿಕೊಂಡು, ಮತ್ತೆ ಹುಬ್ಬು ಗಂಟಿಕ್ಕಿ ಆ ಜೇಬನ್ನೇ ನೋಡಿದಳು.

"ಈ ಪೊಟ್ಟಣದ ಮೂವರನ್ನೂ ಕರ್ಕೊಂಡು ಬನ್ನಿ."

"ಕ್ಲಿನಿಕ್‌ಗೋ, ಮದುವೆಗೋ?"

"ಮೊದಲು ಕ್ಲಿನಿಕ್‌ಗೆ..." ಅವಳು ಮೆಲ್ಲಗೆ ನಕ್ಕಳು. "ಆಮೇಲೆ ಮದುವೆಗೆ."