ಬೆಳಗಾದರೆ ಮಾಯವಾಗುವ ಸೇತುವೆ

ಒಂದು ಊರಿತ್ತು. ಬಹಳ ಹಿಂದೆ ಏನಲ್ಲ, ಮೊನ್ನೆ ಮೊನ್ನೆ. ಆ ಊರಿಗೆ ರಾಜನಿರಲಿಲ್ಲ, ರಾಣಿಯೂ ಇರಲಿಲ್ಲ. ಮುಟ್ಟೋಣ ಎಂದರೆ ಮಣ್ಣೂ ಇರಲಿಲ್ಲ. ಊರಿನ ತುಂಬ ಕಟ್ಟುವವರೇ, ಅವರೆಲ್ಲ ಐದನೇ ಕ್ಲಾಸಿನ ಆಸುಪಾಸಿನವರು. ಊರಿನ ನಡುವೆ ಒಂದು ಹೊಳೆ. ಆ ಹೊಳೆಯ ದಡದಲ್ಲಿ ಒಂದು ಸಂಜೆ ಒಂದು ಮೇಕೆ ಸುಮ್ಮನೆ ನಿಂತಿತ್ತು. ಮೇಕೆಯನ್ನು ಆಡಿಸಬೇಕಾದ ಗುಬ್ಬಿ ಲ್ಯಾಪ್‌ಟಾಪಿನ ಮುಂದೆ ಬಾಯಿ ಬಿಟ್ಟುಕೊಂಡು ಕೂತಿದ್ದಳು.

"ಅಕ್ಕಾ, ನನ್ನ ಸೇತುವೆ ಎಲ್ಲಿ?"

"ನನ್ನನ್ನೇನು ಕೇಳ್ತೀಯ? ನಾನೇನು ಜೇಬಲ್ಲಿಟ್ಕೊಂಡು ಕಾಲೇಜಿಗೆ ಹೋಗಿದ್ನಾ?"

"ಲ್ಯಾಪ್‌ಟಾಪ್ ನಿನ್ನ ಹತ್ರಾನೇ ಇತ್ತಲ್ಲ."

"ಇತ್ತು. ನಿನ್ನ ಮೇಕೆ ಮುಖ ನೋಡೋಕೂ ನಂಗೆ ಟೈಮಿಲ್ಲ, ಮಾರಾಯ್ತಿ."

ಗುಬ್ಬಿ ಆನ್‌ಲೈನ್ ಕ್ಲಾಸಿನಲ್ಲಿ ಗೇಮ್ ಮಾಡುವುದನ್ನು ಕಲಿಯುತ್ತಿದ್ದಳು. ಕಲಿಯುವ ಮಕ್ಕಳೆಲ್ಲ ಸೇರಿ ಒಂದೇ ಗೇಮ್ ಕಟ್ಟುತ್ತಿದ್ದರು, ಅದೇ ಆ ಊರು. ಅದರಲ್ಲಿ ಗುಬ್ಬಿಯ ಗೊಂಬೆ ಆ ಮೇಕೆ. ಹೊಳೆಯ ಈಚೆ ದಡ ಗುಬ್ಬಿಯ ಸಂಜೆ ಬ್ಯಾಚಿನದು. ಆಚೆ ದಡ ಬೆಳಗಿನ ಬ್ಯಾಚಿನದು. ಅವರಿಗೆ ಬೇರೆ ಸರ್, ಅವರ ಗುರುತು ಇವರಿಗಿಲ್ಲ. ಹೊಳೆಯಲ್ಲಿ ಮೀನು ಬಿಟ್ಟವರು ಪುಟಾಣಿ ಬ್ಯಾಚಿನವರು. ಒಂದು ಮೀನಿಗೆ ಮೂರು ಕಣ್ಣು, ಇನ್ನೊಂದಕ್ಕೆ ಮೀಸೆ.

"ಸೇತುವೆ ಯಾರು ಮಾಡ್ತೀರ?" ಎಂದು ಮಿಸ್ ಕೇಳಿದಾಗ ಎಲ್ಲರಿಗಿಂತ ಮೊದಲು ಕೈ ಎತ್ತಿದವಳು ಗುಬ್ಬಿ. "ನಾನು ಮಾಡೇ ಮಾಡ್ತೀನಿ, ಮಿಸ್" ಎಂದು ಮಾತನ್ನೂ ಕೊಟ್ಟಿದ್ದಳು.

ದಿನಾ ಸಂಜೆ ಹಲಗೆಗೆ ಹಲಗೆ ಜೋಡಿಸಿ ನಡುನೀರಿನ ತನಕ ಹೋಗುತ್ತಿದ್ದಳು. ಮಾರನೇ ಸಂಜೆ ಬಂದು ನೋಡಿದರೆ ಈಚೆ ದಡದ ಕಡೆ ಬರೀ ನೀರು. ಮೀಸೆಯ ಮೀನು ಮಾತ್ರ ಆರಾಮಾಗಿ ಈಜುತ್ತಿತ್ತು.

ಅವತ್ತಿನ ಕ್ಲಾಸಿನಲ್ಲಿ ಮಿಸ್‌ಗೆ ಹೇಳಿದಳು.

"ಸೇವ್ ಮಾಡೋದು ಮರ್ತಿರ್ತೀಯ, ಗುಬ್ಬಿ."

"ಮಾಡಿದ್ದೆ ಮಿಸ್, ದೇವರಾಣೆ."

"ನೋಡಮ್ಮ, ಭಾನುವಾರ ಗೇಮ್ ಓಪನ್. ಅಷ್ಟರಲ್ಲಿ ಸೇತುವೆ ಆಗ್ಲಿಲ್ಲ ಅಂದ್ರೆ ಹೊಳೆ ಮುಚ್ಚಿ ರಸ್ತೆ ಮಾಡ್ತೀವಿ. ಆ ಕಡೆಯವರು ಈ ಕಡೆಗೆ ಬರೋದು ಬೇಡ್ವಾ?"

"ಮತ್ತೆ ಮೀನುಗಳು?"

"ಅದಕ್ಕೇ ಹೇಳ್ತಿರೋದು, ಬೇಗ ಮುಗಿಸು" ಎಂದರು ಮಿಸ್.

ಗುಬ್ಬಿಯ ತಲೆ ಗೊಂದಲದ ಗೂಡಾಯಿತು. ಸೇವ್ ಒತ್ತಿದ್ದೆನೋ ಇಲ್ಲವೋ? ಒತ್ತಿದ್ದೆ. ಒತ್ತಿದ್ದೆ ಎಂದು ಅಂದುಕೊಂಡೆನೋ? ಯೋಚಿಸಿದಷ್ಟೂ ತನ್ನ ಬೆರಳನ್ನೇ ನಂಬಲಾಗದಂತಾಯಿತು.

ಆದರೂ ಕೆಲಸ ಬಿಡುವಂತಿರಲಿಲ್ಲ. ಮೊದಲು ಹೊಳೆಯನ್ನು ಗುಡಿಸಿದಳು. ಗೇಮಿನಲ್ಲಿ ಅಳಿಸುವುದಕ್ಕೆ ಪೊರಕೆಯ ಚಿತ್ರದ ಬಟನ್ ಇತ್ತು. ಅರ್ಧಕ್ಕೆ ನಿಂತ ಹಲಗೆ ಎಲ್ಲಿ ಕಂಡರೂ ಗುಡಿಸಿಬಿಡಿ, ಇಲ್ಲದಿದ್ದರೆ ಆಡುವವರು ಜಾರಿ ಬೀಳುತ್ತಾರೆ ಎಂಬುದು ಎಲ್ಲರಿಗೂ ಇದ್ದ ನಿಯಮ. ಆಚೆ ದಡಕ್ಕೆ ಅಂಟಿಕೊಂಡು ಯಾರೋ ಬಿಟ್ಟುಹೋದ ಹಲಗೆಗಳು ದಿನಾ ಇರುತ್ತಿದ್ದವು. "ಶಿಸ್ತೇ ಇಲ್ಲ ಈ ಜನಕ್ಕೆ" ಎಂದು ಗೊಣಗುತ್ತ ಗುಬ್ಬಿ ಸರ್ರನೆ ಪೊರಕೆ ಎಳೆದಳು.

ಅವಳ ಗೊಣಗಾಟ ಕೇಳಿ ಅಜ್ಜಿ ಪಕ್ಕಕ್ಕೆ ಬಂದು ಕೂತರು. "ಯಾಕೆ ಕೂಸೇ, ಮುಖ ಇಷ್ಟುದ್ದ ಆಗಿದೆ?"

ಗುಬ್ಬಿ ಎಲ್ಲವನ್ನೂ ಹೇಳಿದಳು.

"ಸಂಜೆ ಕಟ್ಟಿದ್ದು ಬೆಳಗಾದ್ರೆ ಇಲ್ಲ ಅಂದ್ರೆ ಅದು ರಾಕ್ಷಸನ ಕೆಲಸಾನೇ" ಎಂದರು ಅಜ್ಜಿ ಗಂಭೀರವಾಗಿ.

"ಕಂಪ್ಯೂಟರಲ್ಲಿ ರಾಕ್ಷಸ ಇರ್ತಾನಾ ಅಜ್ಜಿ?"

"ಅದು ನಂಗೇನು ಗೊತ್ತು? ನನ್ನ ಕತೆಯಲ್ಲಿ ಇರ್ತಾನೆ. ಕತೆಯಲ್ಲಾದ್ರೆ ರಾಜಕುಮಾರಿ ಅಳ್ತಾ ಕೂರಲ್ಲ, ಕಾವಲು ಕೂರ್ತಾಳೆ."

ಆ ಸಂಜೆಯೂ ಗುಬ್ಬಿ ನಡುನೀರಿನ ತನಕ ಹಲಗೆ ಜೋಡಿಸಿ ಸೇವ್ ಒತ್ತಿದಳು. ಮಾರನೇ ದಿನ, ಶನಿವಾರ ಬೆಳಿಗ್ಗೆ, ಅಕ್ಕನ ಮುಂದೆ ಕೈಜೋಡಿಸಿ ನಿಂತಳು. ಲ್ಯಾಪ್‌ಟಾಪ್ ಸಿಗಬೇಕಾದರೆ ಅಕ್ಕನ ಪಾಲಿನ ಪಾತ್ರೆಗಳನ್ನೂ ತೊಳೆದುಕೊಡಬೇಕು ಎಂದು ಒಪ್ಪಂದವಾಯಿತು. ಗುಬ್ಬಿ ತನ್ನ ಮೇಕೆಯನ್ನು ಒಂದು ಪೊದೆಯ ಹಿಂದೆ ಅಡಗಿಸಿದಳು. ಸೇತುವೆ ನಿನ್ನೆ ಬಿಟ್ಟಲ್ಲೇ ಇತ್ತು. ಹಾಗಾದರೆ ಸೇವ್ ಒತ್ತಿದ್ದು ಸುಳ್ಳಲ್ಲ.

ಸ್ವಲ್ಪ ಹೊತ್ತಿಗೆ ಆಚೆ ದಡದಲ್ಲಿ ಒಂದು ಕಪ್ಪೆ ಕುಪ್ಪಳಿಸುತ್ತ ಬಂತು. ತಲೆಯ ಮೇಲೆ ಕೆಂಪು ಛತ್ರಿ, ಕೈಯಲ್ಲಿ ಪೊರಕೆ. ಗುಬ್ಬಿಯ ಸೇತುವೆಯ ತುದಿಗೆ ಪೊರಕೆ ಇಟ್ಟಿತು.

"ಏಯ್, ಕೈ ತೆಗಿ" ಎಂದು ಗುಬ್ಬಿ ಮೈಕಿನಲ್ಲಿ ಕೂಗಿದಳು. ಮೇಕೆ ಪೊದೆಯಿಂದ ಹಾರಿತು.

"ಯಾರು ನೀನು?" ಮೂಗು ಕಟ್ಟಿದ ಒಬ್ಬ ಹುಡುಗನ ದನಿ.

"ಸೇತುವೆ ಮಾಡೋಳು. ನೀನೇನಾ ದಿನಾ ಅಳಿಸೋ ಕಳ್ಳ?"

"ನಾನ್ ಯಾಕೆ ಕಳ್ಳ ಆಗ್ತೀನಿ? ಸೇತುವೆ ನಂದು. ಸರ್ ಕೇಳಿದಾಗ ನಾನೇ ಕೈ ಎತ್ತಿದ್ದು. ಈ ಕಡೆಯಿಂದ ದಿನಾ ಕಟ್ತೀನಿ, ಮಾರನೇ ದಿನ ಒಂದು ಹಲಗೇನೂ ಇರಲ್ಲ. ನೋಡು, ಇವತ್ತೂ ಇಲ್ಲ."

ಗುಬ್ಬಿ ಆಚೆ ದಡದತ್ತ ನೋಡಿದಳು.

"ಮತ್ತೆ ನನ್ನ ಹಲಗೆ ಯಾಕೆ ಗುಡಿಸ್ತೀಯ?"

"ಇವು ನಿಂದಾ? ನೀರಿನ ಮಧ್ಯೆ ಅರ್ಧಕ್ಕೆ ನಿಂತಿತ್ತು. ಯಾರೋ ಬಿಟ್ಟು ಹೋಗಿದ್ದಾರೆ ಅಂದ್ಕೊಂಡೆ." ಅವನು ಮೂಗು ಸೀಟಿದ. "ನಂಗೆ ದಿನಾ ಬೈಸ್ಕೊಂಡು ಸಾಕಾಗಿದೆ. ನೀನು ಸೇವೇ ಮಾಡಲ್ಲ ಅಂತಾರೆ ಸರ್. ನನ್ನ ಮೇಲೆ ನಂಗೇ ಡೌಟು."

ಗುಬ್ಬಿಗೆ ನಿನ್ನೆಯ ಸಂಜೆ ನೆನಪಾಯಿತು. ಆಚೆ ದಡದ ಹಲಗೆಗಳು, ತನ್ನ ಪೊರಕೆ, ಆ ಸರ್ರನೆಯ ಸದ್ದು.

"ಅದು… ಸಂಜೆ ಗುಡಿಸ್ತಿದ್ದಿದ್ದು ನಾನು" ಎಂದಳು ಸಣ್ಣ ದನಿಯಲ್ಲಿ.

ಛತ್ರಿಯ ಕಪ್ಪೆ ಪೊರಕೆ ಕೆಳಗಿಟ್ಟಿತು. ನಂತರ ಹುಡುಗ ಕೇಳಿದ, "ಹಾಗಾದ್ರೆ ರಾಕ್ಷಸ ಯಾರೂ ಇಲ್ವಾ?"

"ನಿಂಗೂ ಅಜ್ಜಿ ಇದ್ದಾರಾ?"

"ತಾತ."

ಇಬ್ಬರಿಗೂ ನಗು ಬಂತು. ಆಮೇಲೆ ಕಪ್ಪೆ ಆ ಕಡೆಯಿಂದ, ಮೇಕೆ ಈ ಕಡೆಯಿಂದ ಕಟ್ಟತೊಡಗಿದವು. ಅಡುಗೆಮನೆಯಲ್ಲಿ ತೊಳೆಯಬೇಕಾದ ಪಾತ್ರೆಗಳು ಹಾಗೇ ಬಿದ್ದಿದ್ದವು. ಅಕ್ಕ ಬಂದು ಇಣುಕಿ ಹೋದಳು.

ಎರಡು ತುದಿಗಳೂ ಹತ್ತಿರ ಬಂದಾಗ ತೊಂದರೆ ಕಾಣಿಸಿತು. ಅವನ ಹಲಗೆಗಳು ಒಂದು ಮೆಟ್ಟಿಲು ಎತ್ತರ, ಇವಳವು ಕೆಳಗೆ. ಹೀಗೇ ಬಿಟ್ಟರೆ ಆಡುವವರು ಎಡವುವುದು ಖಂಡಿತ.

ಗುಬ್ಬಿಯ ಬೆರಳು ತಾನಾಗಿಯೇ ಪೊರಕೆಯ ಮೇಲೆ ಹೋಯಿತು. ಅವನ ಹಲಗೆಗಳನ್ನು ಗುಡಿಸಿಬಿಟ್ಟರೆ ಮುಗಿಯಿತು, ಅರೆಕ್ಷಣದ ಕೆಲಸ. ಬೆರಳು ಅಲ್ಲೇ ನಿಂತಿತು. ಖಾಲಿ ನೀರನ್ನು ನೋಡುತ್ತ ಕೂತ ಬೆಳಗುಗಳು ಅವನಿಗೆ ಎಷ್ಟಿದ್ದವೋ.

"ನಿಂದು ಹಾಗೇ ಇರಲಿ. ನಾನೇ ನಂದನ್ನ ಎತ್ತರಿಸ್ತೀನಿ" ಎಂದಳು.

"ಅಷ್ಟೂ ಬಿಚ್ಚಬೇಕಾಗುತ್ತಲ್ಲ?"

"ಬಿಚ್ತೀನಿ. ನೀನು ನಿಂತ್ಕೊಂಡು ಲೆವೆಲ್ ನೋಡ್ತಾ ಹೇಳು."

"ಸ್ವಲ್ಪ ಮೇಲೆ… ಇನ್ನೂ ಸ್ವಲ್ಪ… ಹಾಂ, ಸಾಕು."

ಮಧ್ಯಾಹ್ನವಾಗುತ್ತ ಬಂದಾಗ ಕೊನೆಯ ಹಲಗೆ ಎರಡು ತುದಿಗಳ ನಡುವೆ ಕೂತಿತು. ಗುಬ್ಬಿ ಸೇವ್ ಒತ್ತಿದಳು. ಆಚೆಯಿಂದ ಅವನೂ ಒತ್ತಿದ.